ಬಟ್ಟಲಿನ ಮರ ಯಾವ ಊರಿನದು?

ಪ್ರಶ್ನೆ: ಚನ್ನಪಟ್ಟಣದ ಬಳಿ ನಮ್ಮದೊಂದು ಸಣ್ಣ ಘಟಕ ಇದೆ. ನಾಲ್ಕು ಲೇತು, ಆರು ಜನ. ಇಷ್ಟು ದಿನ ಗೊಂಬೆ, ಬಳೆ, ಕೀ ಚೈನು ಮಾಡುತ್ತಿದ್ದೆವು. ಈಗ ಜರ್ಮನಿಯ ಒಂದು ಅಂಗಡಿಯವರು 400 ಬಟ್ಟಲು, 1,200 ಚಮಚ ಮತ್ತು ಒಂದಷ್ಟು ಬೀಟೆ ಮರದ ಸೌಟು ಬೇಕೆಂದು ಕೇಳಿದ್ದಾರೆ. ಎಲ್ಲವೂ ನಮ್ಮ ಅರಗಿನ ಬಣ್ಣದಲ್ಲೇ ಇರಬೇಕಂತೆ. ಮರದ ಹೆಸರೇನು, ಎಲ್ಲಿ ಬೆಳೆದದ್ದು ಎಂದೆಲ್ಲ ಕೇಳುವ ನಾಲ್ಕು ಪುಟದ ಫಾರ್ಮನ್ನೂ ಕಳಿಸಿದ್ದಾರೆ. ರಫ್ತಿಗೆ ಯಾವ ಪರವಾನಗಿ ಬೇಕು? ಮುಂದೆ ಅಮೆರಿಕಕ್ಕೂ ಕಳಿಸಬಹುದೇ?

ಉತ್ತರ: ಪರವಾನಗಿ ಸುಲಭದ ಮಾತು, ಅದನ್ನು ಮೊದಲು ಮುಗಿಸಿಬಿಡೋಣ. ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಜಾಲತಾಣದಲ್ಲಿ 500 ರೂಪಾಯಿ ಕಟ್ಟಿ ಆಮದು-ರಫ್ತು ಸಂಕೇತ, ಅಂದರೆ ಐಇಸಿ ಸಂಖ್ಯೆ, ಪಡೆಯಿರಿ. ತೆರಿಗೆ ಕಟ್ಟದೆ ರಫ್ತು ಮಾಡಲು ಜಿಎಸ್‌ಟಿ ಪೋರ್ಟಲ್‌ನಲ್ಲಿ ಎಲ್‌ಯುಟಿ ಎಂಬ ಮುಚ್ಚಳಿಕೆ ಸಲ್ಲಿಸಿ. ನಿಮ್ಮ ಬ್ಯಾಂಕಿನ ಎಡಿ ಕೋಡನ್ನು, ಅಂದರೆ ವಿದೇಶಿ ಹಣದ ವ್ಯವಹಾರಕ್ಕೆ ಅದಕ್ಕಿರುವ ಗುರುತು ಸಂಖ್ಯೆಯನ್ನು, ಸರಕು ಹೊರಡುವ ಬಂದರಿನಲ್ಲಿ ನೋಂದಾಯಿಸಿ. ಕರಕುಶಲ ವಸ್ತುಗಳ ರಫ್ತು ಉತ್ತೇಜನ ಮಂಡಳಿಯ ಸದಸ್ಯರಾದರೆ ಮೇಳಗಳಿಗೆ ಹೋಗಲು ದಾರಿಯಾಗುತ್ತದೆ. ಇಷ್ಟೇ. ಒಬ್ಬ ಒಳ್ಳೆಯ ಕಸ್ಟಮ್ಸ್ ಏಜೆಂಟರು ಇದ್ದರೆ ಕೆಲವು ವಾರಗಳ ಕೆಲಸ.

ನೀವು ಕಾಟಾಚಾರದ ಕಾಗದವೆಂದು ತಿಳಿದ ನಾಲ್ಕು ಪುಟದ ಫಾರ್ಮ್ ಇದೆಯಲ್ಲ, ನಿಜವಾದ ತೊಡಕು ಇರುವುದು ಅದರಲ್ಲಿ. ಅದು ಬಗೆಹರಿಯುವುದು ಬಂದರಿನಲ್ಲಿ ಅಲ್ಲ, ನೀವು ಮರ ಕೊಳ್ಳುವ ಡಿಪೋದಲ್ಲಿ.

ಫಾರ್ಮಿನ ಮೊದಲ ಕಲಂ ಸಾಮಾನ್ಯವಾಗಿ ಮರದ ಹೆಸರಿನದು. ನಿಮ್ಮವರು ಥಟ್ಟನೆ 'ಆಲೆ ಮರ' ಎಂದು ಬರೆಯುತ್ತಾರೆ, ಕೆಲವರು 'ಹಾಲೆ' ಎನ್ನುತ್ತಾರೆ. ಇದೇ 'ಹಾಲೆ'ಯನ್ನು ಮಂಗಳೂರಿನ ಕಡೆಯವರಿಗೆ ಹೇಳಿ ನೋಡಿ. ಅವರ ಕಣ್ಣ ಮುಂದೆ ಬರುವುದು ಆಟಿ ಅಮಾವಾಸ್ಯೆಯ ನಸುಕಿನಲ್ಲಿ ಕಲ್ಲಿನಿಂದ ತೊಗಟೆ ಜಜ್ಜಿ ತೆಗೆದು ಕಷಾಯ ಕುಡಿಯುವ ಮರ, ತುಳುವಿನ ಪಾಲೆ. ಅದು ಆಲ್ಸ್ಟೋನಿಯಾ ಸ್ಕಾಲರಿಸ್. ನಿಮ್ಮ ಲೇತಿಗೆ ಏರುವುದು ರೈಟಿಯಾ ಟಿಂಕ್ಟೋರಿಯಾ. ಎರಡೂ ಒಂದೇ ಕುಟುಂಬದವು, ಎರಡರಲ್ಲೂ ಬಿಳಿ ಹಾಲು ಬರುತ್ತದೆ, ಹೆಸರು ಕಲೆಸಿಹೋದದ್ದು ಅದಕ್ಕೇ ಇರಬಹುದು. ಆಂಧ್ರದ ಏಟಿಕೊಪ್ಪಾಕದವರು ನಿಮ್ಮ ಮರವನ್ನೇ ಅಂಕುಡು ಎನ್ನುತ್ತಾರೆ. ನಮ್ಮ ನಮ್ಮೊಳಗೆ ಇದರಿಂದ ತೊಂದರೆಯಿಲ್ಲ. ಗಡಿ ದಾಟುವ ಕಾಗದದಲ್ಲಿ ಮಾತ್ರ ಶಾಸ್ತ್ರೀಯ ಹೆಸರೊಂದೇ ನಡೆಯುತ್ತದೆ. ಆದ್ದರಿಂದ ಇವತ್ತೇ ಗೋದಾಮಿಗೆ ಹೋಗಿ ಯಾವ ರಾಶಿ ಯಾವ ಮರದ್ದು ಎಂದು ಗುರುತು ಹಾಕಿಸಿ. ಆಲೆ ಸಿಗದ ತಿಂಗಳಲ್ಲಿ ರಬ್ಬರ್ ಮರವನ್ನೋ ಸಿಲ್ವರ್ ಓಕನ್ನೋ ಬೆರೆಸುವ ಅಭ್ಯಾಸ ಹಲವು ಘಟಕಗಳಲ್ಲಿದೆ. ಬಣ್ಣದ ಗೊಂಬೆಯಲ್ಲಿ ಅದು ಕಾಣುವುದಿಲ್ಲ, ಬಣ್ಣವಿಲ್ಲದ ಬಟ್ಟಲಿನಲ್ಲಿ ಎದ್ದು ಕಾಣುತ್ತದೆ.

ರಬ್ಬರ್ ಮರದ ಬಗ್ಗೆ ಇನ್ನೊಂದು ಮಾತು. ಅದರಲ್ಲಿ ಪಿಷ್ಟ ಹೆಚ್ಚು, ಕುಟ್ಟೆ ಹುಳುವಿಗೆ ಅದು ಹಬ್ಬದೂಟ. ಹಾಗಾಗಿ ಕೇರಳದಿಂದ ಬರುವ ಹಲಗೆಗಳನ್ನು ಸಾಮಾನ್ಯವಾಗಿ ಬೋರಿಕ್ ಆಮ್ಲ, ಬೊರಾಕ್ಸ್ ದ್ರಾವಣದಲ್ಲಿ ಸಂಸ್ಕರಿಸಿರುತ್ತಾರೆ. ಕುರ್ಚಿಗೆ ಅದು ಸರಿ. ಆದರೆ ಬೋರಾನ್ ನೀರಿನಲ್ಲಿ ಕರಗಿ ಹೊರಬರುತ್ತದೆ, ಬೋರಿಕ್ ಆಮ್ಲವೋ 2010ರಿಂದ ಐರೋಪ್ಯ ಒಕ್ಕೂಟದ ಕಳವಳಕಾರಿ ರಾಸಾಯನಿಕಗಳ ಪಟ್ಟಿಯಲ್ಲಿದೆ. ಊಟದ ಪಾತ್ರೆಗೆ ಆ ಹಲಗೆ ಮುಟ್ಟಬೇಡಿ.

ಎರಡನೆಯ ಕಲಂ, ಮರ ಬೆಳೆದ ಜಾಗ. ಇದು ಹೊಸ ಕಾಟ. ಯುರೋಪಿನಲ್ಲಿ ಮೊದಲಿದ್ದ 2010ರ ಮರದ ಕಾಯಿದೆಯ ಪಟ್ಟಿಯಲ್ಲಿ ಅಡುಗೆಮನೆಯ ಸಾಮಾನು ಇರಲಿಲ್ಲ. ಬಾಗಿಲ ಚೌಕಟ್ಟು, ಪ್ಲೈವುಡ್, ಪೀಠೋಪಕರಣ ಇದ್ದವು, ಚಮಚ ತಪ್ಪಿಸಿಕೊಂಡಿತ್ತು. 2023ರ ಅರಣ್ಯನಾಶ ತಡೆ ನಿಯಮ ಚಮಚವನ್ನೂ ಹಿಡಿದುಹಾಕಿದೆ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಿಂದ ಬಂದ ಮರ ಅಲ್ಲವೆಂದು ಅಲ್ಲಿನ ಆಮದುದಾರರು ಘೋಷಿಸಬೇಕು, ಮರ ನಿಂತಿದ್ದ ಜಮೀನಿನ ಅಕ್ಷಾಂಶ, ರೇಖಾಂಶಗಳನ್ನು ದಶಮಾಂಶದ ಆರು ಅಂಕೆಗಳವರೆಗೆ ಕೊಡಬೇಕು. ಜಾರಿಯನ್ನು ಎರಡು ಸಲ ಮುಂದೂಡಿದ್ದಾರೆ. ದೊಡ್ಡ ಸಂಸ್ಥೆಗಳಿಗೆ 2026ರ ಡಿಸೆಂಬರ್ 30, ಸಣ್ಣವರಿಗೆ 2027ರ ಜೂನ್ 30 ಈಗಿನ ಗಡುವು. ಭಾರತವನ್ನು 'ಕಡಿಮೆ ಅಪಾಯ'ದ ದೇಶಗಳ ಗುಂಪಿನಲ್ಲಿ ಇಟ್ಟಿರುವುದರಿಂದ ತಪಾಸಣೆಯ ಭಾರ ಸ್ವಲ್ಪ ಹಗುರ. ಜಮೀನಿನ ವಿವರ ಕೊಡುವುದು ಮಾತ್ರ ತಪ್ಪುವುದಿಲ್ಲ.

ಹೆದರಬೇಡಿ. ಈ ನಿಯಮ ಕೇಳುತ್ತಿರುವುದನ್ನು ಕೊಡುವುದು ನಿಮಗೆ ದೊಡ್ಡ ಕಾರ್ಖಾನೆಗಿಂತ ಸುಲಭ. ನಿಮ್ಮ ಆಲೆ ಮರ ಬರುವುದು ಬದುವಿನಿಂದ, ಹೊಲದಂಚಿನಿಂದ. ಮಾರಿದ ರೈತ ಯಾರೆಂದು ವ್ಯಾಪಾರಿಗೆ ಗೊತ್ತಿರುತ್ತದೆ, ಅವನ ಪಹಣಿಯಲ್ಲಿ ಸರ್ವೆ ನಂಬರ್ ಇರುತ್ತದೆ, ಮೊಬೈಲ್ ಹಿಡಿದು ಆ ಬದುವಿನ ಮೇಲೆ ನಿಂತರೆ ಅಕ್ಷಾಂಶ ಸಿಕ್ಕಿತು. ಒಂದು ಗೆರೆ ಪುಸ್ತಕ ಇಡಿ. ತಾರೀಕು, ಮರದ ಜಾತಿ, ರೈತನ ಹೆಸರು, ಸರ್ವೆ ನಂಬರ್, ಅಕ್ಷಾಂಶ-ರೇಖಾಂಶ, ಕಡಿದ ತಿಂಗಳು, ತೂಕ. ಪ್ರತಿ ರಾಶಿಗೂ ಒಂದು ಸಂಖ್ಯೆ, ಅದೇ ಸಂಖ್ಯೆ ಬಟ್ಟಲಿನ ಪೆಟ್ಟಿಗೆಯ ಮೇಲೂ. ಕರ್ನಾಟಕದಲ್ಲಿ 1976ರ ಮರಗಳ ಸಂರಕ್ಷಣಾ ಕಾಯಿದೆ ಇದೆ. ಯಾವ ಜಾತಿ ಕಡಿಯಲು ಅನುಮತಿ ಬೇಕು, ಸಾಗಿಸಲು ಪಾಸ್ ಬೇಕು ಎಂಬುದನ್ನು ವಲಯ ಅರಣ್ಯಾಧಿಕಾರಿಯ ಕಚೇರಿಯಲ್ಲಿ ಲಿಖಿತವಾಗಿಯೇ ಕೇಳಿ ಪಡೆದು, ಅದನ್ನೂ ಪುಸ್ತಕಕ್ಕೆ ಅಂಟಿಸಿ. 'ಸಾರ್, ಡಿಪೋದಲ್ಲಿ ಬಿಲ್ ಕೊಡುವುದಿಲ್ಲ' ಎನ್ನುತ್ತೀರಾದರೆ ಡಿಪೋ ಬದಲಿಸಿ. ಬಿಲ್ ಇಲ್ಲದ ಮರ ಎಷ್ಟೇ ಅಗ್ಗವಾಗಿದ್ದರೂ ರಫ್ತಿಗೆ ಅದು ಸೌದೆ.

ಬೀಟೆಗೆ ಬರುತ್ತೇನೆ. ಬೀಟೆ, ಶೀಶಮ್ ಸೇರಿದಂತೆ ಡಾಲ್ಬರ್ಜಿಯಾ ಕುಲದ ಹೆಚ್ಚುಕಡಿಮೆ ಎಲ್ಲ ಮರಗಳೂ 2017ರ ಜನವರಿಯಿಂದ, ಅಳಿವಿನಂಚಿನ ಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಎರಡನೆಯ ಪಟ್ಟಿಯಲ್ಲಿವೆ. ಆಗ ಸಹಾರನ್‌ಪುರದ ಶೀಶಮ್ ಕೆಲಸಗಾರರಿಗೆ ಬಿದ್ದ ಪೆಟ್ಟು ಸಣ್ಣದಲ್ಲ. 2022ರ ನವೆಂಬರಿನಲ್ಲಿ ಪನಾಮದಲ್ಲಿ ನಡೆದ ಸಭೆಯಲ್ಲಿ ಭಾರತ ಒಂದು ರಿಯಾಯಿತಿ ಗಿಟ್ಟಿಸಿತು: ಶೀಶಮ್‌ನ ಸಿದ್ಧ ವಸ್ತು ಒಂದೊಂದೂ 10 ಕಿಲೋಗಿಂತ ಕಡಿಮೆ ತೂಗಿದರೆ, ಒಟ್ಟು ಸರಕು ಎಷ್ಟೇ ಇರಲಿ, ಸೈಟಿಸ್ ಪರವಾನಗಿ ಬೇಕಿಲ್ಲ. ಸೌಟು ಎಷ್ಟೇ ದಪ್ಪವಿದ್ದರೂ 10 ಕಿಲೋ ಆಗಲಾರದು. ಈ ರಿಯಾಯಿತಿ ಬೀಟೆಗೂ ಅನ್ವಯಿಸುತ್ತದೆಯೇ ಎಂದು ಕರಕುಶಲ ಮಂಡಳಿಯಲ್ಲಿ ಕೇಳಿಕೊಳ್ಳಿ, ಅನ್ವಯಿಸಿದರೆ ದಾರಿ ತೆರೆದಿದೆ. ಆದರೆ ಅಂತರರಾಷ್ಟ್ರೀಯ ಪರವಾನಗಿ ಬೇಡ ಎಂದಮಾತ್ರಕ್ಕೆ ಮರದ ಮೂಲ ತೋರಿಸುವುದು ತಪ್ಪಲಿಲ್ಲ. ಬೀಟೆಯನ್ನು ಅರಣ್ಯ ಇಲಾಖೆಯ ಹರಾಜಿನ ದಾಖಲೆಯೊಂದಿಗೇ ಕೊಳ್ಳಬೇಕು. ಕರಕುಶಲ ಮಂಡಳಿಯವರ 'ವೃಕ್ಷ್' ಎಂಬ ಪ್ರಮಾಣ ವ್ಯವಸ್ಥೆ ಇಂಥದ್ದಕ್ಕೆಂದೇ ಹುಟ್ಟಿದ್ದು.

ನನ್ನನ್ನು ಕೇಳಿದರೆ ಬೀಟೆ ಸೌಟನ್ನೇ ಕೈಬಿಡಿ. ಬೀಟೆ ಕಡೆಯುವವರ ಮುಂಗೈ ಮೇಲೆ ದದ್ದು ಏಳುವುದನ್ನು ನೀವೇ ನೋಡಿರುತ್ತೀರಿ. ಆ ಮರದ ರಾಸಾಯನಿಕಗಳು ಕೆಲವರ ಚರ್ಮಕ್ಕೆ ಒಗ್ಗುವುದಿಲ್ಲ. ಕುದಿಯುವ ಪಾತ್ರೆಯಲ್ಲಿ ಅದು ಬಣ್ಣವನ್ನೂ ಬಿಡಬಹುದು. ಮೈಸೂರಿನ ಕೆತ್ತನೆ ಫಲಕಕ್ಕೆ ಒಪ್ಪುವ ಮರ ಸಾರಿನ ಪಾತ್ರೆಗೂ ಒಪ್ಪಲೇಬೇಕೆಂದಿಲ್ಲ. ಹಲಸು ಇದೆಯಲ್ಲ. ಮಲೆನಾಡಿನ ಮನೆಗಳಲ್ಲಿ ಉಪ್ಪು ಹಾಕಿಡುತ್ತಿದ್ದ ಮರಿಗೆಯನ್ನು ನೆನೆಸಿಕೊಳ್ಳಿ.

ಈಗ ಎಲ್ಲಕ್ಕಿಂತ ಮುಖ್ಯವಾದ, ನಿಮ್ಮವರಿಗೆ ಹೇಳಿದರೆ ಮುಖ ಸಣ್ಣದಾಗುವ ವಿಷಯ: ಅರಗು.

ಅರಗು ಸ್ವತಃ ತಿನ್ನಬಾರದ ವಸ್ತುವಲ್ಲ. ಇ904 ಎಂಬ ಸಂಖ್ಯೆಯಲ್ಲಿ ಯುರೋಪಿನ ಮಿಠಾಯಿಗಳಿಗೇ ಅದನ್ನು ಹಚ್ಚುತ್ತಾರೆ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದಾಗ ಉಜ್ಜಿದ ಬಿಸಿಗೇ ಅದು ಕರಗಿ ಹರಡುತ್ತದೆ, ಮೇಲೆ ಕೇದಗೆ ಗರಿ ಹಿಡಿದರೆ ಕನ್ನಡಿಯ ಹೊಳಪು ಬರುತ್ತದೆ. ನಿಮ್ಮ ಕಸುಬಿನ ಸೊಗಸೇ ಇದು. ಅಡುಗೆಮನೆಯಲ್ಲಿ ಅದರ ಕೊರತೆಯೂ ಇದೇ. ಬರೀ ಉಜ್ಜುವ ಬಿಸಿಗೆ ಕರಗಿದ್ದು ಬಿಸಿ ಸಾರಿಗೆ ಕರಗದೆ ಇರುತ್ತದೆಯೇ? ಅರಗು ಸುಮಾರು 70 ಡಿಗ್ರಿಯ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ. ಒಲೆಯಿಂದ ಇಳಿಸಿದ ಸಾರು ಅದಕ್ಕಿಂತ ಬಿಸಿ. ಅರಗು ಕ್ಷಾರದಲ್ಲೂ ಮದ್ಯಸಾರದಲ್ಲೂ ಕರಗುತ್ತದೆ. ಜರ್ಮನಿಯ ಮನೆಯಲ್ಲಿ ಪಾತ್ರೆ ತೊಳೆಯುವ ಯಂತ್ರವಿರುತ್ತದೆ, ಅದರ ಪುಡಿ ಕ್ಷಾರ. ಒಂದೇ ತೊಳೆತಕ್ಕೆ ನಿಮ್ಮ ಕೆಂಪು ಬಟ್ಟಲು ಬೆಳ್ಳಗೆ ಮಂಕಾಗಿ, ಕೈಗೆ ಅಂಟತೊಡಗುತ್ತದೆ. ಮೊದಲ ಸರಕು ಹೋಗುತ್ತದೆ, ಹಣವೂ ಬರುತ್ತದೆ, ಎರಡನೆಯ ಆರ್ಡರ್ ಮಾತ್ರ ಬರುವುದಿಲ್ಲ.

ಕಾನೂನಿನ ಲೆಕ್ಕದಲ್ಲಿ ನೋಡಿದರೆ, ಯುರೋಪಿನ 1935/2004 ಸಂಖ್ಯೆಯ ನಿಯಮದಂತೆ ಆಹಾರ ಮುಟ್ಟುವ ಯಾವ ವಸ್ತುವೂ ಆರೋಗ್ಯಕ್ಕೆ ಕೇಡಾಗುವಷ್ಟು ಏನನ್ನೂ ಆಹಾರಕ್ಕೆ ಬಿಡಬಾರದು, ಅದರ ರುಚಿ, ವಾಸನೆಯನ್ನೂ ಕೆಡಿಸಬಾರದು. ಪ್ಲಾಸ್ಟಿಕ್ಕಿಗೆ ಇರುವಂತೆ ಮರಕ್ಕೆ ಇಡೀ ಒಕ್ಕೂಟಕ್ಕೆ ಒಂದೇ ವಿವರವಾದ ಪಟ್ಟಿ ಇಲ್ಲ, ಒಂದೊಂದು ದೇಶದ್ದು ಒಂದೊಂದು ರೀತಿ. ಜರ್ಮನಿಯವರು ಎಲ್‌ಎಫ್‌ಜಿಬಿ ಎಂಬ ತಮ್ಮ ಆಹಾರ ಕಾಯಿದೆಯ 30 ಮತ್ತು 31ನೇ ಸೆಕ್ಷನ್ನಿನ ಪ್ರಕಾರ ಪರೀಕ್ಷಾ ವರದಿ ಕೇಳುತ್ತಾರೆ. ನಿಮ್ಮಲ್ಲಿ ಗೊಂಬೆಗೆ ಮಾಡಿಸಿದ ಇಎನ್ 71 ವರದಿ ಇರಬಹುದು. ಅದು ಇಲ್ಲಿ ನಡೆಯುವುದಿಲ್ಲ. ಮಗು ಗೊಂಬೆಯನ್ನು ಚೀಪುವುದು ಬೇರೆ, ಹುಳಿಸಾರು ಅರ್ಧ ಗಂಟೆ ಬಟ್ಟಲಲ್ಲಿ ಕೂರುವುದು ಬೇರೆ. ಬಿದಿರಿನ ಪುಡಿ ಬೆರೆಸಿದ ಮೆಲಮೈನ್ ಲೋಟ, ತಟ್ಟೆಗಳನ್ನು 'ನೈಸರ್ಗಿಕ' ಎಂದು ಮಾರುತ್ತಿದ್ದವರ ಮೇಲೆ 2021ರಲ್ಲಿ ಯುರೋಪ್ ದೊಡ್ಡ ಕಾರ್ಯಾಚರಣೆಯನ್ನೇ ನಡೆಸಿತು. ಅಲ್ಲಿಂದೀಚೆಗೆ ಅಲ್ಲಿನ ಅಂಗಡಿಯವರು ಈ ವಿಷಯದಲ್ಲಿ ಹಾಲು ಕುಡಿದು ಬಾಯಿ ಸುಟ್ಟುಕೊಂಡ ಬೆಕ್ಕು, ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರೆ.

ಹಾಗಾದರೆ ಬಣ್ಣವನ್ನು ಬಿಟ್ಟೇಬಿಡಬೇಕೇ? ಬೇಡ. ಆಹಾರ ಮುಟ್ಟದ ಕಡೆ ಇಡಿ. ಚಮಚದ ಹಿಡಿಯ ತುದಿಗೆ ಎರಡು ಬೆರಳಗಲ, ಬಟ್ಟಲಿನ ಹೊರಮೈಯ ಕೆಳಗೆ ಒಂದು ಪಟ್ಟಿ. ಒಳಮೈ ಬರೀ ಮರ. ಅದಕ್ಕೆ ಆಹಾರ ದರ್ಜೆಯ ಖನಿಜ ಎಣ್ಣೆಯೊಂದಿಗೆ ಜೇನುಮೇಣ, ಇಲ್ಲವೇ ಶುದ್ಧ ಅಗಸೆ ಎಣ್ಣೆ. ಹಾರ್ಡ್‌ವೇರ್ ಅಂಗಡಿಯ 'ಕುದಿಸಿದ' ಅಗಸೆ ಎಣ್ಣೆ ಬೇಡ, ಬೇಗ ಒಣಗಲೆಂದು ಅದಕ್ಕೆ ಕೋಬಾಲ್ಟ್, ಮ್ಯಾಂಗನೀಸ್ ಲವಣ ಬೆರೆಸಿರುತ್ತಾರೆ. ಕಡಲೆಕಾಯಿ ಎಣ್ಣೆಯೂ ಬೇಡ: ಅದು ಒಣಗದೆ ಮುಗ್ಗಲು ವಾಸನೆ ಹಿಡಿಯುತ್ತದೆ, ಕಡಲೆಕಾಯಿ ಅಲರ್ಜಿ ಇರುವವರ ಭಯ ಬೇರೆ. 'ಕೈಯಲ್ಲೇ ತೊಳೆಯಿರಿ, ಬಣ್ಣದ ಭಾಗ ಬಿಸಿಗೆ ತಾಗಿಸಬೇಡಿ' ಎಂಬ ಚೀಟಿ ಪ್ರತಿ ಬಟ್ಟಲಿನಲ್ಲೂ ಇರಲಿ. ಆಹಾರಕ್ಕೆ ಯೋಗ್ಯವೆಂದು ತೋರಿಸುವ ಲೋಟ ಮತ್ತು ಫೋರ್ಕಿನ ಗುರುತನ್ನು ಪರೀಕ್ಷಾ ವರದಿ ಕೈಗೆ ಬಂದ ಮೇಲೆ ಮಾತ್ರ ಒತ್ತಿಸಿ.

ಮರ ಒಣಗುವ ವಿಚಾರದಲ್ಲಿ ನಾನು ಸ್ವತಃ ಪೆಟ್ಟು ತಿಂದಿದ್ದೇನೆ. ಕೆಲವು ವರ್ಷಗಳ ಹಿಂದೆ ನನ್ನ ಮೂಲಕ ಹಲಸಿನ ಬಟ್ಟಲುಗಳ ಒಂದು ಸರಕು ಮಳೆಗಾಲದ ಕೊನೆಯಲ್ಲಿ ಹೊರಟಿತು. ಇಲ್ಲಿ ಮುಟ್ಟಿದರೆ ಒಣಗಿದಂತೆಯೇ ಇತ್ತು. ಅಲ್ಲಿ ಜನವರಿಯಲ್ಲಿ ಅಂಗಡಿಯ ಕಪಾಟಿನಲ್ಲಿದ್ದಾಗ ರಾತ್ರಿ ಹೊತ್ತು ಟಪ್ ಟಪ್ ಎಂದು ಸದ್ದು ಕೇಳಿಸುತ್ತಿತ್ತು ಎಂದು ಅಂಗಡಿಯಾಕೆ ಬರೆದಿದ್ದರು. ನಗಲೂ ಆಗಲಿಲ್ಲ. ಕಾರಣ ಸರಳ. ನಮ್ಮ ಮಳೆಗಾಲದ ಗಾಳಿಯಲ್ಲಿ ಮರ ತನ್ನ ತೂಕದ ಶೇಕಡಾ 15ರಷ್ಟು ನೀರನ್ನು ಹಿಡಿದಿಟ್ಟುಕೊಂಡು ಸುಮ್ಮನಿರುತ್ತದೆ. ಚಳಿಗಾಲದಲ್ಲಿ ಹೀಟರ್ ಉರಿಯುವ ಯುರೋಪಿನ ಕೋಣೆಯಲ್ಲಿ ಅದು 6ಕ್ಕೆ ಇಳಿಯುತ್ತದೆ. ಆ ವ್ಯತ್ಯಾಸಕ್ಕೆ ಮರ ಕುಗ್ಗಲೇಬೇಕು, ಕುಗ್ಗಲು ಎಡೆಯಿಲ್ಲದ ಕಡೆ ಸೀಳುತ್ತದೆ.

ಆದ್ದರಿಂದ ಬಟ್ಟಲನ್ನು ಎರಡು ಸಲ ಕಡೆಯಿರಿ. ಮೊದಲ ಸಲ ಹಸಿ ಮರದಲ್ಲಿ ಒರಟಾಗಿ, ಅಡ್ಡಗಲದ ಹತ್ತನೇ ಒಂದು ಭಾಗದಷ್ಟು ದಪ್ಪ ಉಳಿಸಿ. ಒಂದು ಅಡಿ ಬಟ್ಟಲಿಗೆ ಒಂದೂಕಾಲು ಅಂಗುಲ ಎಂದಿಟ್ಟುಕೊಳ್ಳಿ. ಮರದ ಎಳೆ ಕೊನೆಗೊಳ್ಳುವ ಮೈಗೆ ಮೇಣ ಬಳಿದು ನೆರಳಿನಲ್ಲಿ ಜೋಡಿಸಿಡಿ. ದಿಮ್ಮಿಯ ನಡುವಿನ ತಿರುಳು ಬಟ್ಟಲಿನೊಳಗೆ ಬರಲೇಬಾರದು, ಬಂದರೆ ಅದು ಸೀಳುವುದು ಹೆಚ್ಚುಕಡಿಮೆ ಖಂಡಿತ. ಪ್ರತಿ ವಾರ ಐದು ಬಟ್ಟಲನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಬರೆದಿಡಿ. ತೂಕ ಇಳಿಯುವುದು ನಿಂತ ಮೇಲೆ ಬಿಸಿಗಾಳಿ ಕೋಣೆಗೆ ಹಾಕಿ, ತೇವ ಶೇಕಡಾ 8ರಿಂದ 10ಕ್ಕೆ ಬಂದಾಗ ಎರಡನೆಯ ಸಲ ಕಡೆಯಿರಿ. ತೇವ ಅಳೆಯುವ ಮೀಟರ್ ದೊಡ್ಡ ಬೆಲೆಯದಲ್ಲ. ನಾಲ್ಕು ಲೇತಿನ ಜಾಗದಲ್ಲಿ ಇದಕ್ಕೆ ತಿಂಗಳುಗಟ್ಟಲೆ ಕಪಾಟು ಬೇಕು, ಗೊತ್ತು. ಜರ್ಮನಿಯವರಿಗೆ ಆರು ವಾರದಲ್ಲಿ ಕೊಡುತ್ತೇನೆ ಎಂದು ಮಾತು ಕೊಟ್ಟಿದ್ದರೆ ಈಗಲೇ ಹಿಂತೆಗೆದುಕೊಳ್ಳಿ. ಈ ಸಲ ಚಮಚ ಮಾತ್ರ ಕಳಿಸಿ, ತೆಳುವಾದದ್ದು ಬೇಗ ಒಣಗುತ್ತದೆ.

ಚಮಚವನ್ನೇ ಮೊದಲು ಕಳಿಸಿ ಎನ್ನಲು ಸಾಗಣೆಯ ಲೆಕ್ಕವೂ ಇದೆ. ಕೊರಿಯರಿನವರು ತೂಕಕ್ಕಲ್ಲ, ಜಾಗಕ್ಕೆ ಹಣ ಕೇಳುತ್ತಾರೆ. ಸಾಮಾನ್ಯ ಸೂತ್ರದಂತೆ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5,000ದಿಂದ ಭಾಗಿಸುತ್ತಾರೆ. 30, 30, 14ರ ಪೆಟ್ಟಿಗೆ ಎಂದರೆ ಎರಡೂವರೆ ಕಿಲೋ. ಒಳಗಿನ ಬಟ್ಟಲು ತೂಗುವುದು 800 ಗ್ರಾಂ. ಉಳಿದ ಹಣ ಗಾಳಿಗೆ. ಹಡಗಿನಲ್ಲಿ ಬಿಡಿ ಸರಕಾಗಿ ಕಳಿಸಿದರೂ ಘನ ಮೀಟರಿನ ಲೆಕ್ಕವೇ. 400 ಬಟ್ಟಲು ಒಂದೊಂದು ಪೆಟ್ಟಿಗೆಯಲ್ಲಿ ಹೋದರೆ ಐದು ಘನ ಮೀಟರ್, 1,200 ಚಮಚ ಮುಕ್ಕಾಲೂ ಆಗುವುದಿಲ್ಲ. ಬಟ್ಟಲನ್ನು ಮೂರು ಅಳತೆಯಲ್ಲಿ, ಒಂದರೊಳಗೊಂದು ಕೂರುವಂತೆ ಮಾಡಿ ಜೊತೆಯಾಗಿ ಮಾರಿ. ಜಾಗ ಸುಮಾರು ಮೂರರಲ್ಲಿ ಒಂದಾಗುತ್ತದೆ. ಮಾದರಿ ಕಳಿಸಲು ಅಂಚೆ ಇಲಾಖೆಯ ಡಾಕ್ ಘರ್ ನಿರ್ಯಾತ್ ಕೇಂದ್ರಗಳಿವೆ, ಕಾಗದಪತ್ರದ ಕೆಲಸ ಅಲ್ಲೇ ಆಗುತ್ತದೆ.

ಸರಕು ಯಾವ ಬಗೆಯದೆಂದು ಕಸ್ಟಮ್ಸ್‌ಗೆ ತಿಳಿಸುವ ಸಂಕೇತ ಸಂಖ್ಯೆಯಲ್ಲಿ ಎಚ್ಚರ. ಗೊಂಬೆ 9503ರಲ್ಲಿ ಹೋಗುತ್ತಿತ್ತು, ಇದು 4419. ಈ ನಾಲ್ಕಂಕಿಯೊಳಗೆ ನಮ್ಮ ಅಜ್ಜಿಯರ ಅಡುಗೆಮನೆಯೇ ಇದೆ: ಲಟ್ಟಣಿಗೆ, ಹೆಚ್ಚುವ ಮಣೆ, ಕುಟ್ಟಾಣಿಯ ಕೋಲು, ಮಸಾಲೆ ಡಬ್ಬಿ, ಅಳತೆಯ ಪಾವು ಕೂಡ. ಜರಡಿ, ಬ್ರಷ್ ಮಾತ್ರ ಬೇರೆ ಅಧ್ಯಾಯಕ್ಕೆ ಸೇರುತ್ತವೆ. ಉಡುಪಿಯ ಕೃಷ್ಣ ಕೈಯಲ್ಲಿ ಹಿಡಿದ ಕಡಗೋಲನ್ನೂ ರಫ್ತು ಮಾಡುವುದಾದರೆ ಇದೇ ಸಂಖ್ಯೆ ಎಂದು ನನ್ನ ಎಣಿಕೆ. 2022ರ ಪರಿಷ್ಕರಣೆಯಲ್ಲಿ ಉಷ್ಣವಲಯದ ಮರಕ್ಕೆ 4419.20, ಉಳಿದದ್ದಕ್ಕೆ 4419.90 ಎಂದು ಒಡೆದಿದ್ದಾರೆ. ಬಿದಿರಿನ ಸಾಮಾನಿಗೆ ಬೇರೆ ಸಾಲುಗಳಿವೆ. ನಿಮ್ಮ ಬಿಲ್ಲಿನ ಸಂಖ್ಯೆಯೂ ಅವರ ಆಮದು ಕಾಗದದ ಸಂಖ್ಯೆಯೂ ಒಂದೇ ಇರುವಂತೆ ಮೊದಲೇ ಮಾತಾಡಿಕೊಳ್ಳಿ.

ಪ್ಯಾಲೆಟ್, ಮರದ ಪೆಟ್ಟಿಗೆ ಬಳಸಿದರೆ ಐಎಸ್‌ಪಿಎಂ 15ರ ಮುದ್ರೆ ಬೇಕು. ಮರದ ಒಳಗೂ 56 ಡಿಗ್ರಿಯ ಬಿಸಿ 30 ನಿಮಿಷ ತಾಗಿಸಿದ್ದಕ್ಕೆ ಗುರುತು ಅದು. ತಮಾಷೆಯೆಂದರೆ ಈ ನಿಯಮ ಕಟ್ಟುವ ಮರಕ್ಕೆ, ಕಟ್ಟಿಸಿಕೊಂಡ ಬಟ್ಟಲಿಗಲ್ಲ. ಬಟ್ಟಲು ಸರಿಯಿದ್ದು ಪ್ಯಾಲೆಟ್ಟಿನ ದೆಸೆಯಿಂದ ಇಡೀ ಸರಕು ನಿಂತದ್ದನ್ನು ಕಂಡಿದ್ದೇನೆ. ರಟ್ಟಿನ ಪೆಟ್ಟಿಗೆಯೇ ಸಾಕು.

ಅಮೆರಿಕದ ಮಾತು. ಮರದ ಅಡುಗೆ ಸಾಮಾನನ್ನು ಅತಿ ಹೆಚ್ಚು ಕೊಳ್ಳುವ ದೇಶ ಅದೇ, ಅತಿ ಹೆಚ್ಚು ಮಾರುವುದು ಚೀನಾ. ಅಲ್ಲಿ ಅಕ್ರಮವಾಗಿ ತಂದ ವನ್ಯಸಂಪತ್ತಿನ ವ್ಯಾಪಾರ ತಡೆಯುವ ಲೇಸಿ ಕಾಯಿದೆ ಇದೆ. 2008ರಿಂದ ಅದು ಮರಕ್ಕೂ ಅನ್ವಯಿಸುತ್ತದೆ. ಕುಲ, ಜಾತಿ, ಕಡಿದ ದೇಶ, ಪ್ರಮಾಣ, ಬೆಲೆ, ಇಷ್ಟನ್ನೂ ಆಮದುದಾರರು ಘೋಷಿಸಬೇಕು. ನಿಮ್ಮ ಗೆರೆ ಪುಸ್ತಕ ಅಲ್ಲಿಯೂ ಕೆಲಸಕ್ಕೆ ಬಂತು. ಸುಂಕದ ಸ್ಥಿತಿ ಮಾತ್ರ ಗಾಳಿಗಿಟ್ಟ ದೀಪ. 2025ರ ಆಗಸ್ಟಿನಲ್ಲಿ ಭಾರತದ ಸರಕಿನ ಮೇಲೆ ಹೆಚ್ಚುವರಿ ಸುಂಕ ಶೇಕಡಾ 50ಕ್ಕೆ ಏರಿದ್ದನ್ನು ನೋಡಿದ್ದೀರಿ. ಬೆಲೆ ಹೇಳುವ ದಿನದ ದರ ಕೇಳಿಕೊಂಡು, ಸುಂಕ ಖರೀದಿದಾರರ ಪಾಲಿನದು ಎಂದು ಬರೆದೇ ಒಪ್ಪಂದ ಮಾಡಿ. ಅಡಿಕೆ ಹಾಳೆ ತಟ್ಟೆಯವರ ಪಾಡನ್ನೂ ಗಮನಿಸಿ. 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಇಲಾಖೆಯಾದ ಎಫ್‌ಡಿಎ, ಹಾಳೆಯಲ್ಲಿರುವ ಅರಿಕೋಲಿನ್‌ನಂಥ ಕ್ಷಾರಾಭಗಳು ಆಹಾರಕ್ಕೆ ಸೇರಬಹುದೆಂದು ಹೇಳಿ ಆ ತಟ್ಟೆಗಳಿಗೆ ಒಪ್ಪಿಗೆಯಿಲ್ಲ ಎಂದುಬಿಟ್ಟಿತು. 'ತಲೆಮಾರುಗಳಿಂದ ಬಳಸುತ್ತಿದ್ದೇವೆ' ಎಂಬುದು ನಮಗೆ ಸಾಕ್ಷ್ಯ, ಅವರಿಗೆ ಪ್ರಯೋಗಾಲಯದ ವರದಿ ಬೇಕು. ಆಲೆ ಮರಕ್ಕೆ ಅಂಥ ಕುತ್ತು ಬರುವ ಮೊದಲೇ ಬಣ್ಣವಿಲ್ಲದ, ಎಣ್ಣೆ ಹಚ್ಚಿದ ಒಂದು ತುಂಡನ್ನು ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಕೊಟ್ಟು ವರದಿ ಇಟ್ಟುಕೊಳ್ಳಿ. ಖರ್ಚು ಭಾರವೆನಿಸಿದರೆ ಅಕ್ಕಪಕ್ಕದ ಐದಾರು ಘಟಕದವರು ಸೇರಿ ಒಂದೇ ಮರ, ಒಂದೇ ಎಣ್ಣೆ ಎಂದು ನಿಗದಿ ಮಾಡಿಕೊಂಡು ಮಾಡಿಸಿ.

ಇನ್ನು, ಬಟ್ಟಲಿನ ಒಳಗೂ ಬಣ್ಣ ಬೇಕೆಂದು ಜರ್ಮನಿಯವರು ಹಟ ಹಿಡಿದರೆ ವಾದ ಮಾಡಬೇಡಿ. ಒಳಗೆ ಅರಗು ಹಚ್ಚಿದ ಒಂದು ಬಟ್ಟಲಿಗೆ ಕುದಿಯುತ್ತಿರುವ ಸಾರು ಸುರಿದು, ಹತ್ತು ನಿಮಿಷ ಬಿಟ್ಟು, ಬಟ್ಟೆಯಿಂದ ಒರೆಸಿ. ಆ ಬಟ್ಟಲಿನದೂ ಬಟ್ಟೆಯದೂ ಫೋಟೊ ತೆಗೆದು ಮಾದರಿ ಚಮಚಗಳ ಜೊತೆಯಲ್ಲೇ ಕಳಿಸಿಕೊಡಿ.